ಹತ್ತು ವಾರಗಳ ಇಂಟರ್ನ್‌ಶಿಪ್, ಹದಿಮೂರು ವರ್ಷಗಳ ಮೊಕದ್ದಮೆ: ಅವಾಸ್ ತಿಂಗ್ನಿ ಪ್ರಕರಣದ ಅಧ್ಯಯನ

ಆದಿವಾಸಿ ಸಮುದಾಯಗಳ ಪರವಾಗಿ ಪರಿಸರ ಮೊಕದ್ದಮೆ ನಡೆಸುವ ಸಂಸ್ಥೆಗಳಿಗೆ ಇಂಟರ್ನ್‌ಶಿಪ್‌ಗೆಂದು ಹೊರಡುವ ಕಾನೂನು ವಿದ್ಯಾರ್ಥಿಗಳ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವಿರುತ್ತದೆ. ಒಂದು ಕಡೆ ಕಾಡು, ಮತ್ತೊಂದು ಕಡೆ ಕಂಪನಿ, ನಡುವೆ ನ್ಯಾಯಾಲಯ. ವಾದದಲ್ಲಿ ಗೆದ್ದರೆ ಕಾಡು ಉಳಿಯಿತು. ಈ ಚಿತ್ರದಲ್ಲಿ ವಿದ್ಯಾರ್ಥಿ ನಿಲ್ಲುವ ಜಾಗ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಆ ಜಾಗವನ್ನು ಹುಡುಕಿಕೊಳ್ಳುವುದಕ್ಕೆ ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ನಡೆದ ಅವಾಸ್ ತಿಂಗ್ನಿ ಪ್ರಕರಣದಷ್ಟು ಒಳ್ಳೆಯ ಪಾಠ ಬೇರೆ ಇಲ್ಲವೆಂದು ನಾನು ನಂಬಿದ್ದೇನೆ. ಆದಿವಾಸಿ ಸಮುದಾಯವೊಂದರ ಸಾಮೂಹಿಕ ಭೂಮಿಯನ್ನು ಆಸ್ತಿಯ ಹಕ್ಕೆಂದು ಅಂತರರಾಷ್ಟ್ರೀಯ ನ್ಯಾಯಾಲಯವೊಂದು, ಅಂದರೆ ಅಂತರ-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ, ಮೊದಲ ಬಾರಿಗೆ ಎತ್ತಿಹಿಡಿದದ್ದು ಇದರ 2001ರ ತೀರ್ಪಿನಲ್ಲಿ. ಈ ಹೋರಾಟದ ಕಾನೂನು ಕೆಲಸ ದೀರ್ಘಕಾಲ ವಿಶ್ವವಿದ್ಯಾಲಯಗಳ ಕಾನೂನು ವಿಭಾಗಗಳನ್ನು ಆಧರಿಸಿ ನಡೆಯಿತೆಂಬುದು ನಮ್ಮ ಚರ್ಚೆಗೆ ಇನ್ನೂ ಮುಖ್ಯ.

ಹಿನ್ನೆಲೆ

ಅವಾಸ್ ತಿಂಗ್ನಿ ಎಂಬುದು ನಿಕರಾಗುವಾದಲ್ಲಿ ಆಗ ಉತ್ತರ ಅಟ್ಲಾಂಟಿಕ್ ಸ್ವಾಯತ್ತ ಪ್ರದೇಶವೆನಿಸಿದ್ದ ಭಾಗದಲ್ಲಿ, ವಾವಾ ನದಿಯ ದಡದಲ್ಲಿರುವ ಮಾಯಾಂಗ್ನಾ ಜನರ ಒಂದು ಸಮುದಾಯ. ಮೊಕದ್ದಮೆಯ ಕಾಲಕ್ಕೆ ಅದರಲ್ಲಿ ಆರುನೂರಕ್ಕೂ ಹೆಚ್ಚು ಜನರಿದ್ದರು. ಬೇಸಾಯ, ಬೇಟೆ, ಮೀನುಗಾರಿಕೆ, ಹಣ್ಣು ಮತ್ತು ಔಷಧಿ ಗಿಡಗಳ ಸಂಗ್ರಹ ಇವರ ಬದುಕಿನ ಆಧಾರ. ಭೂಮಿ ಯಾವೊಬ್ಬನದೂ ಅಲ್ಲ, ಇಡೀ ಸಮುದಾಯದ್ದು. ಯಾರು ಎಲ್ಲಿ ಉಳಬೇಕು, ಎಲ್ಲಿ ಬೇಟೆಯಾಡಬೇಕು ಎಂಬುದನ್ನು ಅವರ ರೂಢಿಯೇ ನಿರ್ಧರಿಸುತ್ತಿತ್ತು. ನಿಕರಾಗುವಾದ 1987ರ ಸಂವಿಧಾನವು ಅಟ್ಲಾಂಟಿಕ್ ಕರಾವಳಿಯ ಸಮುದಾಯಗಳ ಸಾಮೂಹಿಕ ಒಡೆತನವನ್ನು ಮಾನ್ಯ ಮಾಡಿತ್ತು. ಆದರೆ ಆ ಒಡೆತನ ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆದು, ಗಡಿ ಗುರುತಿಸಿ, ಹಕ್ಕುಪತ್ರ ಕೊಡುವ ವಿಧಾನವನ್ನು ಯಾವ ಕಾಯಿದೆಯೂ ಹೇಳಿರಲಿಲ್ಲ. ಕಾಗದದಲ್ಲಿ ಹಕ್ಕಿತ್ತು, ಆ ಹಕ್ಕಿಗೆ ಗಡಿ ಇರಲಿಲ್ಲ. ಗಡಿಯಿಲ್ಲದ ಭೂಮಿಯನ್ನು ಸರ್ಕಾರ ತನ್ನದೇ ಎಂದು ಬಗೆಯುವುದು ಸುಲಭವಾಯಿತು.

1993ರ ಸುಮಾರಿಗೆ ಮಾದೆನ್ಸಾ ಎಂಬ ಕಂಪನಿಗೆ ಈ ಕಾಡಿನಲ್ಲಿ ಮರ ಕಡಿಯುವ ಅವಕಾಶ ದೊರೆಯುವ ಹಂತ ಬಂದಾಗ, ವಿಶ್ವ ವನ್ಯಜೀವಿ ನಿಧಿಯ ಬೆಂಬಲದೊಂದಿಗೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನ ತಂಡವೊಂದು ಸಮುದಾಯದ ನೆರವಿಗೆ ನಿಂತಿತು. ಅಲ್ಲಿ ಬೋಧಿಸುತ್ತಿದ್ದ ಜೇಮ್ಸ್ ಅನಾಯಾ, ಮುಂದೆ 2008ರಿಂದ 2014ರವರೆಗೆ ಆದಿವಾಸಿ ಜನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರರಾದವರು, ಈ ತಂಡದ ಮುಂಚೂಣಿಯಲ್ಲಿದ್ದರು. 1994ರಲ್ಲಿ ಸಮುದಾಯ, ಕಂಪನಿ ಮತ್ತು ಪರಿಸರ ಸಚಿವಾಲಯಗಳ ನಡುವೆ ತ್ರಿಪಕ್ಷೀಯ ಒಪ್ಪಂದವಾಯಿತು. ಮರ ಕಡಿಯುವುದಕ್ಕೆ ನಿಯಮಗಳು ಬಂದವು. ಅದರ ಜೊತೆಗೆ, ಸಾಮೂಹಿಕ ಭೂಮಿಯನ್ನು ಗುರುತಿಸಲು ಸಹಕರಿಸುವುದಾಗಿ ಸಚಿವಾಲಯ ಬರೆದುಕೊಟ್ಟಿತು. ಆ ಮಾತನ್ನು ಸರ್ಕಾರ ಉಳಿಸಿಕೊಳ್ಳಲಿಲ್ಲ. ಮರುವರ್ಷವೇ ಕೊರಿಯಾ ಮೂಲದ ಬಂಡವಾಳದ ಸೋಲ್‌ಕಾರ್ಸಾ ಎಂಬ ಇನ್ನೊಂದು ಕಂಪನಿಗೆ ಸುಮಾರು 62,000 ಹೆಕ್ಟೇರ್ ಕಾಡನ್ನು ಕೊಡುವ ಸಿದ್ಧತೆ ನಡೆಯಿತು. ಈ ಸಲ ಸಮುದಾಯವನ್ನು ಯಾರೂ ಕೇಳಲಿಲ್ಲ. 1996ರ ಮಾರ್ಚ್‌ನಲ್ಲಿ 30 ವರ್ಷಗಳ ಗುತ್ತಿಗೆಗೆ ಸಹಿ ಬಿತ್ತು.

ಮೂವತ್ತು ದಿನಗಳ ಕಾಲಮಿತಿ

ಇಂಟರ್ನ್‌ಗಳಿಗೆ ಮೊದಲು ತೋರಿಸಬೇಕಾದದ್ದು ಈ ಪ್ರಕರಣದ ಸೋಲನ್ನು. 1995ರ ಸೆಪ್ಟೆಂಬರ್ 11ರಂದು ಸಮುದಾಯವು ಮತಗಲ್ಪಾದ ಮೇಲ್ಮನವಿ ನ್ಯಾಯಾಲಯದಲ್ಲಿ ಅಂಪಾರೋ ಅರ್ಜಿ ಸಲ್ಲಿಸಿತು. ಸಂವಿಧಾನದತ್ತ ಹಕ್ಕಿಗೆ ಭಂಗ ಬಂದಾಗ ನೇರವಾಗಿ ಪರಿಹಾರ ಬೇಡುವ ಈ ಅರ್ಜಿ ಬಹುಮಟ್ಟಿಗೆ ರಿಟ್ ಅರ್ಜಿಯನ್ನು ಹೋಲುತ್ತದೆ; ಸಮುದಾಯದ ಪರವಾಗಿ ನಿಕರಾಗುವಾದ ವಕೀಲೆ ಮರಿಯಾ ಲೂಯಿಸಾ ಅಕೋಸ್ತಾ ಅದನ್ನು ಹೂಡಿದ್ದರು. ಎಂಟೇ ದಿನಗಳಲ್ಲಿ ಅರ್ಜಿ ವಜಾ ಆಯಿತು. ಗುತ್ತಿಗೆಯ ವಿಷಯ ತಿಳಿದ 30 ದಿನಗಳೊಳಗೆ ಅರ್ಜಿ ಹಾಕಬೇಕಿತ್ತು, ಹಾಕದಿದ್ದುದರಿಂದ ಸಮುದಾಯ ಮೌನವಾಗಿ ಒಪ್ಪಿದಂತಾಯಿತು ಎಂಬುದು ನ್ಯಾಯಾಲಯ ಕೊಟ್ಟ ಕಾರಣ. ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಆ ಮೇಲ್ಮನವಿ ಸುಮಾರು ಒಂದು ವರ್ಷ ಐದು ತಿಂಗಳು ಬಿದ್ದಿದ್ದು, 1997ರ ಫೆಬ್ರವರಿ 27ರಂದು ಅದೇ ಕಾಲಮಿತಿಯ ಕಾರಣಕ್ಕೆ ತಿರಸ್ಕೃತವಾಯಿತು.

ಅದೇ ದಿನ ಅದೇ ಸುಪ್ರೀಂ ಕೋರ್ಟ್, ಸ್ವಾಯತ್ತ ಪ್ರದೇಶದ ಪ್ರಾದೇಶಿಕ ಮಂಡಳಿಯ ಇಬ್ಬರು ಸದಸ್ಯರು ಬೇರೆಯಾಗಿ ಸಲ್ಲಿಸಿದ್ದ ಅರ್ಜಿಯನ್ನು ಎತ್ತಿಹಿಡಿದು, ಮಂಡಳಿಯ ಪೂರ್ಣ ಸಭೆಯ ಒಪ್ಪಿಗೆಯಿಲ್ಲದೆ ಕೊಟ್ಟ ಗುತ್ತಿಗೆ ಸಂವಿಧಾನಬಾಹಿರವೆಂದು ಸಾರಿತು. ಕಾಡಿನಲ್ಲಿ ಬದುಕುವವರ ಹಕ್ಕಿನ ಪ್ರಶ್ನೆಯನ್ನು ದಿನಾಂಕದ ಲೆಕ್ಕ ಮುಳುಗಿಸಿತು. ಮಂಡಳಿಯ ಅಧಿಕಾರದ ಪ್ರಶ್ನೆ ಮಾತ್ರ ದಡ ಸೇರಿತು. ಅದಕ್ಕೂ ಸರ್ಕಾರ ದಾರಿ ಕಂಡುಕೊಂಡಿತು: 1997ರ ಅಕ್ಟೋಬರ್‌ನಲ್ಲಿ ಮಂಡಳಿಯಿಂದಲೇ ಗುತ್ತಿಗೆಗೆ ಹಿಂದಿನಿಂದ ಒಪ್ಪಿಗೆ ಪಡೆಯಲಾಯಿತು. ಕೊನೆಗೆ ಗುತ್ತಿಗೆ ರದ್ದಾದದ್ದು 1998ರ ಫೆಬ್ರವರಿಯಲ್ಲಿ. ಇಷ್ಟರ ನಡುವೆ, ಅಕ್ರಮವಾಗಿ ಮರ ಕಡಿದುದಕ್ಕೂ ಪರಿಸರ ಪರವಾನಗಿಯಿಲ್ಲದೆ ಕಾಮಗಾರಿ ನಡೆಸಿದುದಕ್ಕೂ ಸಚಿವಾಲಯವೇ ಆ ಕಂಪನಿಗೆ ದಂಡ ವಿಧಿಸಬೇಕಾಗಿ ಬಂದಿತ್ತು.

ಇಂಥ ಕಡತವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯ ಮೊದಲ ಕೆಲಸ ತಾರೀಖುಗಳ ಪಟ್ಟಿ ಮಾಡುವುದು. ಯಾವ ಪತ್ರ ಯಾವ ದಿನ ಹೋಯಿತು, ಯಾವ ಕಚೇರಿಯಲ್ಲಿ ಯಾರು ಸ್ವೀಕರಿಸಿದರು, ಮುದ್ರೆ ಬಿದ್ದಿದೆಯೇ, ಸಮುದಾಯಕ್ಕೆ ಗುತ್ತಿಗೆಯ ಸುದ್ದಿ ಮೊದಲು ತಿಳಿದದ್ದು ಯಾವಾಗ, ಅದನ್ನು ಹೇಳಬಲ್ಲವರು ಯಾರು. ಇದು ಬೇಸರದ ಕೆಲಸವೆಂದು ವಿದ್ಯಾರ್ಥಿಗಳು ದೂರುವುದನ್ನು ಕೇಳಿದ್ದೇನೆ. ಅವರಿಗೆ ಈ ಎರಡು ಆದೇಶಗಳನ್ನು ಅಕ್ಕಪಕ್ಕ ಇಟ್ಟು ಓದಲು ಹೇಳುತ್ತೇನೆ. ರಸ್ತೆಯಿಲ್ಲದ ಕಾಡಿನ ಊರಿಗೆ ರಾಜಧಾನಿಯ ಕಡತದ ಸುದ್ದಿ ಮುಟ್ಟುವುದಕ್ಕೆ ಎಷ್ಟು ದಿನ ಬೇಕು, ಸಭೆ ಸೇರಿ ನಿರ್ಧಾರಕ್ಕೆ ಬರಲು ಎಷ್ಟು ದಿನ ಬೇಕು ಎಂಬುದು ಕಾಲಮಿತಿಯ ನಿಯಮಕ್ಕೆ ಗೊತ್ತಿರುವುದಿಲ್ಲ. ಗೊತ್ತು ಮಾಡಿಸುವ ಸಾಕ್ಷ್ಯವನ್ನು ಯಾರಾದರೂ ಕೂತು ಕೂಡಿಸಬೇಕು. ಮುಂದೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಈ ಸೋಲೇ ಆಯುಧವಾಯಿತೆಂಬುದನ್ನೂ ಗಮನಿಸಬೇಕು. ದೇಶದೊಳಗಿನ ಪರಿಹಾರ ನಿಧಾನವಾಗಿತ್ತು, ನಿಷ್ಫಲವಾಗಿತ್ತು ಎಂಬುದಕ್ಕೆ ಆ ಒಂದು ವರ್ಷ ಐದು ತಿಂಗಳೇ ಪುರಾವೆಯಾಗಿ, ನ್ಯಾಯಾಲಯದಿಂದ ತ್ವರಿತ, ಪರಿಣಾಮಕಾರಿ ಪರಿಹಾರ ಪಡೆಯುವ ಹಕ್ಕನ್ನು ಕೊಡುವ ಅಮೆರಿಕನ್ ಮಾನವ ಹಕ್ಕುಗಳ ಒಡಂಬಡಿಕೆಯ 25ನೇ ವಿಧಿ ಉಲ್ಲಂಘನೆಯಾಗಿದೆ ಎಂಬ ತೀರ್ಮಾನಕ್ಕೆ ಅದು ದಾರಿ ಮಾಡಿತು.

ನಕ್ಷೆ

ಅಂತರ-ಅಮೆರಿಕನ್ ಮಾನವ ಹಕ್ಕುಗಳ ಆಯೋಗಕ್ಕೆ ಸಮುದಾಯ ದೂರು ಸಲ್ಲಿಸಿದ್ದು 1995ರ ಅಕ್ಟೋಬರ್ 2ರಂದು. ಆಯೋಗವು ಪ್ರಕರಣವನ್ನು ಅಂತರ-ಅಮೆರಿಕನ್ ನ್ಯಾಯಾಲಯಕ್ಕೆ ಒಯ್ದದ್ದು 1998ರ ಜೂನ್ 4ರಂದು. ಸಾಕ್ಷಿ ವಿಚಾರಣೆ 1999ರ ನವೆಂಬರ್‌ನಲ್ಲಿ ಮೂರು ದಿನ ನಡೆಯಿತು. ಅಲ್ಲಿ ಸರ್ಕಾರ ಎತ್ತಿದ ತಕರಾರುಗಳು ಸಾಮಾನ್ಯವಾಗಿರಲಿಲ್ಲ. ಈ ಸಮುದಾಯ ಈಗಿನ ನೆಲೆಗೆ ಬಂದದ್ದೇ 1940ರ ದಶಕದಲ್ಲಿ, ಹಾಗಿರುವಾಗ ಇದು ಪೂರ್ವಜರ ಭೂಮಿ ಹೇಗಾಗುತ್ತದೆ ಎಂದು ಸರ್ಕಾರ ಕೇಳಿತು. ಇಷ್ಟು ಕಡಿಮೆ ಜನರಿಗೆ ಇಷ್ಟೊಂದು ಭೂಮಿಯೇಕೆ ಎಂದಿತು. ನೆರೆಯ ಮಿಸ್ಕಿತೋ ಸಮುದಾಯಗಳೂ ಇದೇ ಭೂಮಿಯ ಭಾಗಗಳನ್ನು ತಮ್ಮದೆನ್ನುತ್ತಿವೆ ಎಂದು ತೋರಿಸಿತು.

ಈ ಮೂರಕ್ಕೂ ಉತ್ತರ ಕಾನೂನು ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಅದು ಊರಿನ ಹಿರಿಯರ ನೆನಪಿನಲ್ಲಿತ್ತು. ಜನ ತುಬುರುಸ್ ಎಂಬ ಹಳೆಯ ನೆಲೆಯಿಂದ ಈಗಿನ ಜಾಗಕ್ಕೆ ಬಂದರು, ಆದರೆ ಹಳೆಯ ನೆಲೆಯೂ ಅದೇ ಕಾಡಿನೊಳಗೇ ಇತ್ತು. ಬಿಟ್ಟುಬಂದ ಊರುಗಳು, ಹಿರಿಯರನ್ನು ಹೂಳಿದ ಜಾಗಗಳು, ಪವಿತ್ರವೆಂದು ನಂಬಿದ ಬೆಟ್ಟಗಳು, ಬೇಟೆಯ ದಾರಿಗಳು ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿದ್ದವು. ಹಾರ್ವರ್ಡ್‌ನ ಮಾನವಶಾಸ್ತ್ರಜ್ಞ ಥಿಯೋಡೋರ್ ಮ್ಯಾಕ್‌ಡೊನಾಲ್ಡ್ ಸಮುದಾಯದವರೊಂದಿಗೆ ಸೇರಿ ಈ ನೆನಪನ್ನು ಜನಾಂಗೀಯ ಅಧ್ಯಯನವಾಗಿ ಬರೆದರು, ಜಿಪಿಎಸ್ ಬಳಸಿ ನಕ್ಷೆಯಾಗಿ ಮೂಡಿಸಿದರು. ಸಮುದಾಯದ ಮುಂದಾಳು ಹೈಮೆ ಕಾಸ್ತಿಯೋ ಫೆಲಿಪೆ ಮತ್ತಿತರರು ನ್ಯಾಯಾಲಯದ ಮುಂದೆ ನಿಂತು ಅದನ್ನೇ ಬಾಯಿಮಾತಿನಲ್ಲಿ ಹೇಳಿದರು. ನಕ್ಷೆ ಮತ್ತು ಸಾಕ್ಷಿಯ ಮಾತು ಒಂದನ್ನೊಂದು ಹಿಡಿದು ನಿಲ್ಲಿಸಿದವು.

ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಯ ನಿಜವಾದ ಜಾಗ ಇಲ್ಲಿದೆ. ಹಿರಿಯರೊಬ್ಬರು ಹೇಳಿದ್ದು ಪ್ರಮಾಣಪತ್ರವಾಗುವವರೆಗಿನ ದಾರಿ ಉದ್ದವಾದದ್ದು. ಮಾಯಾಂಗ್ನಾ ಭಾಷೆಯ ಮಾತು ಸ್ಪ್ಯಾನಿಷ್‌ಗೆ ಹೋಗಿ, ಅಲ್ಲಿಂದ ಇಂಗ್ಲಿಷ್‌ಗೆ ಬಂದು, ಮತ್ತೆ ಸ್ಪ್ಯಾನಿಷ್‌ನಲ್ಲಿ ನ್ಯಾಯಾಲಯಕ್ಕೆ ಸಲ್ಲುವಾಗ ಪ್ರತಿ ದಾಟುವಿಕೆಯಲ್ಲೂ ಏನೋ ಒಂದು ಜಾರುತ್ತದೆ. ‘ನಮ್ಮ ಅಜ್ಜಂದಿರು ಅಲ್ಲಿ ಓಡಾಡುತ್ತಿದ್ದರು’ ಎಂಬ ಮಾತನ್ನು ‘ಪೂರ್ವಜರು ಆ ಭೂಮಿಯನ್ನು ಸ್ವಾಧೀನದಲ್ಲಿಟ್ಟುಕೊಂಡಿದ್ದರು’ ಎಂದು ತಿದ್ದಿ ಬರೆಯುವ ಆಸೆ ಕಾನೂನು ಓದಿದವರಿಗೆ ತಟ್ಟನೆ ಬರುತ್ತದೆ. ಹಾಗೆ ಬರೆದರೆ ವಾಕ್ಯ ಕಾನೂನಿನ ಅಚ್ಚಿಗೆ ಹೊಂದುತ್ತದೆ, ಆದರೆ ಪಾಟೀಸವಾಲಿನಲ್ಲಿ ಆ ಹಿರಿಯರಿಗೆ ತಾವು ಹೇಳದ ಮಾತನ್ನು ಸಮರ್ಥಿಸಿಕೊಳ್ಳುವ ಗತಿ ಬರುತ್ತದೆ. ಆದ್ದರಿಂದ ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ದುಭಾಷಿಯ ಹೆಸರು ದಾಖಲಿಸಬೇಕು, ಬರೆದದ್ದನ್ನು ಅವರ ಭಾಷೆಯಲ್ಲೇ ಓದಿ ಹೇಳಿ ಒಪ್ಪಿಗೆ ಪಡೆಯಬೇಕು, ಸ್ವಾಧೀನವೆಂಬ ಪದವನ್ನು ವಾದದ ಭಾಗಕ್ಕೆ ಬಿಡಬೇಕು.

ನಕ್ಷೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಮಾಧಿಗಳಿರುವ ಜಾಗ, ಪವಿತ್ರ ಬೆಟ್ಟ, ಬೆಲೆಬಾಳುವ ಮರಗಳಿರುವ ತೋಪು ಇವನ್ನೆಲ್ಲ ನಿಖರವಾಗಿ ಗುರುತಿಸಿದ ನಕ್ಷೆ ನ್ಯಾಯಾಲಯಕ್ಕೆ ಪುರಾವೆಯಾಗುವಂತೆಯೇ ಮರಗಳ್ಳನಿಗೆ ದಾರಿಸೂಚಿಯೂ ಆಗಬಲ್ಲದು. ಒಮ್ಮೆ ಸಾರ್ವಜನಿಕ ದಾಖಲೆಗೆ ಸೇರಿದ್ದನ್ನು ಮರಳಿ ಪಡೆಯಲಾಗದು. ಯಾವುದನ್ನು ನಕ್ಷೆಯಲ್ಲಿ ತೋರಿಸಬೇಕು, ಯಾವುದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕೊಡಬೇಕು, ಯಾವುದನ್ನು ಕೊಡಲೇಬಾರದು ಎಂಬುದು ಸಮುದಾಯದ ಸಭೆಯ ತೀರ್ಮಾನವಾಗಬೇಕು. ಇಂಟರ್ನ್ ಆ ತೀರ್ಮಾನವನ್ನು ಬರೆದಿಟ್ಟುಕೊಂಡು ಪಾಲಿಸುವವನು. ತನ್ನ ಲ್ಯಾಪ್‌ಟಾಪ್‌ನಲ್ಲಿ ಉಳಿದ ಪ್ರತಿಯನ್ನು ಕೊನೆಯ ದಿನ ಅಳಿಸುವುದೂ, ಈ ಅನುಭವವನ್ನು ಕಾಲೇಜಿನ ಪ್ರಬಂಧಕ್ಕೆ ಬಳಸುವ ಮುನ್ನ ಸಮುದಾಯವನ್ನು ಕೇಳುವುದೂ ಆ ಪಾಲನೆಯೊಳಗೇ ಬರುತ್ತದೆ.

ನೆರೆಯವರ ಹಕ್ಕಿನ ತಕರಾರನ್ನು ಕಂಡು ವಿದ್ಯಾರ್ಥಿಗಳು ಗಲಿಬಿಲಿಗೊಳ್ಳುತ್ತಾರೆ. ಕಂಪನಿಯ ವಿರುದ್ಧ ಹೋರಾಡಲು ಬಂದವರಿಗೆ ಇನ್ನೊಂದು ಆದಿವಾಸಿ ಸಮುದಾಯದ ದಾವೆ ಎದುರಾದಾಗ ಯಾವ ಕಡೆ ನಿಲ್ಲಬೇಕೆಂದು ತಿಳಿಯುವುದಿಲ್ಲ. ವಕೀಲನ ಕರ್ತವ್ಯ ತನ್ನ ಕಕ್ಷಿದಾರನಿಗೆ. ಆದರೂ ನೆರೆಯವರ ದಾವೆಯನ್ನು ಸುಳ್ಳೆಂದು ತಳ್ಳಿಹಾಕುವ ದಾಖಲೆಯನ್ನು ತಯಾರಿಸುವ ಮೊದಲು, ಆ ಎರಡು ಸಮುದಾಯಗಳು ಮುಂದೆಯೂ ಅದೇ ನದಿಯ ನೀರು ಕುಡಿಯಬೇಕಾದವು ಎಂಬುದನ್ನು ನೆನೆಯಬೇಕು. ಈ ಪ್ರಕರಣದಲ್ಲಿ ಆ ಗಡಿ ವಿವಾದ ಇತ್ಯರ್ಥವಾದದ್ದು ತೀರ್ಪು ಬಂದು ಐದು ವರ್ಷಗಳಾದ ಮೇಲೆ, 2007ರಲ್ಲಿ, ಪ್ರಾದೇಶಿಕ ಮಂಡಳಿಯ ನಿರ್ಣಯದ ಮೂಲಕ.

‘ಆಸ್ತಿ’ ಎಂಬ ಪದ

ಗ್ರಂಥಾಲಯದಲ್ಲಿ ಕೂತು ಮಾಡುವ ಕೆಲಸದ ಬೆಲೆಯೂ ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಇಂದಿನ ವಿದ್ಯಾರ್ಥಿಗೆ ಇಂಥ ಪ್ರಶ್ನೆ ಕೊಟ್ಟರೆ ಆತ ಕೂಡಲೇ ಆದಿವಾಸಿಗಳ ಹಕ್ಕುಗಳ ಬಗೆಗಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 169ನೇ ಒಡಂಬಡಿಕೆಯನ್ನೂ ಆದಿವಾಸಿ ಜನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಘೋಷಣೆಯನ್ನೂ ಉಲ್ಲೇಖಿಸುತ್ತಾನೆ. ಆದರೆ ನಿಕರಾಗುವಾ ಆ ಒಡಂಬಡಿಕೆಯನ್ನು ಅಂಗೀಕರಿಸಿದ್ದು 2010ರಲ್ಲಿ. ವಿಶ್ವಸಂಸ್ಥೆಯ ಘೋಷಣೆ ಬಂದದ್ದು 2007ರಲ್ಲಿ. ಮೊಕದ್ದಮೆಯ ಕಾಲಕ್ಕೆ ಆ ದೇಶವನ್ನು ಕಟ್ಟಿಹಾಕುವ ಮುಖ್ಯ ಹಗ್ಗ ಒಂದಿತ್ತು: ಅದು 1979ರಲ್ಲಿ ಅಂಗೀಕರಿಸಿದ ಅಮೆರಿಕನ್ ಮಾನವ ಹಕ್ಕುಗಳ ಒಡಂಬಡಿಕೆ. ಆ ಒಡಂಬಡಿಕೆಯ 21ನೇ ವಿಧಿ ಆಸ್ತಿಯ ಹಕ್ಕನ್ನು ‘ಪ್ರತಿಯೊಬ್ಬರಿಗೂ’ ಕೊಡುತ್ತದೆ. ಅದರಲ್ಲಿ ಸಮುದಾಯವೆಂಬ ಪದ ಇಲ್ಲ.

ಹಾಗಾದರೆ ಒಬ್ಬೊಬ್ಬರ ಆಸ್ತಿಯ ಹಕ್ಕು ಇಡೀ ಸಮುದಾಯದ ಭೂಮಿಯನ್ನು ಹೇಗೆ ಒಳಗೊಳ್ಳುತ್ತದೆ? ನ್ಯಾಯಾಲಯವು ಒಡಂಬಡಿಕೆಯ ಕರಡಿನ ಇತಿಹಾಸವನ್ನು ತೆರೆದು ನೋಡಿತು. ಮೊದಲ ಕರಡಿನಲ್ಲಿದ್ದ ‘ಖಾಸಗಿ ಆಸ್ತಿ’ ಎಂಬ ಪದಗಳನ್ನು ಕೈಬಿಟ್ಟು, ‘ತನ್ನ ಆಸ್ತಿಯ ಬಳಕೆ ಮತ್ತು ಅನುಭೋಗ’ ಎಂದು ಬದಲಿಸಲಾಗಿತ್ತು. ಮಾನವ ಹಕ್ಕುಗಳ ಒಡಂಬಡಿಕೆಗಳನ್ನು ಕಾಲದೊಂದಿಗೆ ಬೆಳೆಯುವ ಅರ್ಥದಲ್ಲಿ ಓದಬೇಕೆಂಬ ತತ್ತ್ವವನ್ನೂ, ದೇಶದ ಸ್ವಂತ ಕಾನೂನು ಈಗಾಗಲೇ ಮಾನ್ಯ ಮಾಡಿದ ಹಕ್ಕನ್ನು ಒಡಂಬಡಿಕೆಯ ಹೆಸರಿನಲ್ಲಿ ಕುಗ್ಗಿಸಬಾರದೆಂಬ 29ನೇ ವಿಧಿಯನ್ನೂ ಅದರ ಜೊತೆಗಿಟ್ಟು, ಸಾಮೂಹಿಕ ಒಡೆತನವೂ 21ನೇ ವಿಧಿಯ ರಕ್ಷಣೆಯೊಳಗಿದೆ ಎಂದು ನ್ಯಾಯಾಲಯ ಹೇಳಿತು. ಆದಿವಾಸಿಗಳ ರೂಢಿಗತ ಕಾನೂನನ್ನು ವಿಶೇಷವಾಗಿ ಪರಿಗಣಿಸಬೇಕು, ಹಕ್ಕುಪತ್ರ ಇಲ್ಲದಿದ್ದರೂ ಭೂಮಿ ಸ್ವಾಧೀನದಲ್ಲಿದ್ದರೆ ಮಾನ್ಯತೆಗೂ ನೋಂದಣಿಗೂ ಅದು ಸಾಕು ಎಂದಿತು. ಭೂಮಿಯೊಂದಿಗಿನ ಅವರ ನಂಟು ಸ್ವಾಧೀನ ಮತ್ತು ಉತ್ಪಾದನೆಯ ಲೆಕ್ಕಕ್ಕೆ ಮುಗಿಯುವುದಿಲ್ಲ, ಅವರ ಸಂಸ್ಕೃತಿಯೂ ಆಧ್ಯಾತ್ಮಿಕ ಬದುಕೂ ಅದರ ಮೇಲೆ ನಿಂತಿವೆ ಎಂಬುದನ್ನು ತೀರ್ಪು ಸ್ಪಷ್ಟ ಮಾತುಗಳಲ್ಲಿ ದಾಖಲಿಸಿತು. ತೀರ್ಮಾನಕ್ಕೆ ಏಳು ನ್ಯಾಯಾಧೀಶರ ಒಪ್ಪಿಗೆಯಿತ್ತು. ಒಬ್ಬರು ಭಿನ್ನಮತ ಬರೆದರು.

ಹಳೆಯ ಕರಡುಗಳನ್ನು ಒಂದೊಂದಾಗಿ ಹೋಲಿಸಿ, ಎಲ್ಲಿ ಒಂದು ವಿಶೇಷಣ ಬಿದ್ದುಹೋಯಿತು ಎಂದು ಕಂಡುಹಿಡಿಯುವುದು ತಾಳ್ಮೆಯ ವಿದ್ಯಾರ್ಥಿಗೆ ಹೇಳಿ ಮಾಡಿಸಿದಂಥ ಕೆಲಸ. ತೀರ್ಪಿನಲ್ಲಿ ವಕೀಲರ ಹೆಸರುಗಳಿರುತ್ತವೆ, ಇಂಥ ಕೆಲಸ ಮಾಡುವ ವಿದ್ಯಾರ್ಥಿಗಳದ್ದು ಇರುವುದಿಲ್ಲ. ಹೆಸರಿಗಾಗಿ ಇಂಟರ್ನ್‌ಶಿಪ್‌ಗೆ ಹೋಗುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ತೀರ್ಪಿನ ನಂತರದ ಏಳು ವರ್ಷ

ನ್ಯಾಯಾಲಯವು 15 ತಿಂಗಳೊಳಗೆ ಗಡಿ ಗುರುತಿಸಿ ಹಕ್ಕುಪತ್ರ ಕೊಡಬೇಕೆಂದು ಆದೇಶಿಸಿತು. ಸಮುದಾಯದ ಸಾಮೂಹಿಕ ಹಿತದ ಕಾಮಗಾರಿಗಳಿಗಾಗಿ 50,000 ಅಮೆರಿಕನ್ ಡಾಲರ್, ಮೊಕದ್ದಮೆಯ ಖರ್ಚಿಗೆ 30,000 ಡಾಲರ್ ಕೊಡಬೇಕೆಂದಿತು. ಹದಿನೈದು ತಿಂಗಳು ಕಳೆದವು, ಹಕ್ಕುಪತ್ರ ಬರಲಿಲ್ಲ. 2002ರ ಸೆಪ್ಟೆಂಬರ್‌ನಲ್ಲಿ ಸಮುದಾಯದ ಭೂಮಿಯ ಬಳಕೆಯನ್ನು ಕಾಪಾಡಲು ನ್ಯಾಯಾಲಯ ತಾತ್ಕಾಲಿಕ ಕ್ರಮಗಳನ್ನು ಹೊರಡಿಸಬೇಕಾಯಿತು. 2003ರ ಜನವರಿಯಲ್ಲಿ, ತೀರ್ಪು ಜಾರಿಯಾಗದಿರುವುದನ್ನು ಪ್ರಶ್ನಿಸಿ ಸಮುದಾಯವು ದೇಶದೊಳಗೆ ಮತ್ತೊಂದು ಅಂಪಾರೋ ಹೂಡಿತು. ಅದೇ ಹೊತ್ತಿಗೆ ಆದಿವಾಸಿಗಳ ಸಾಮೂಹಿಕ ಭೂಮಿಯ ಗಡಿ ಗುರುತಿಸುವ ವಿಧಾನವನ್ನು ಹೇಳುವ 445ನೇ ಕಾಯಿದೆ ಜಾರಿಗೆ ಬಂತು. ಈ ಒಂದು ಸಮುದಾಯದ ಮೊಕದ್ದಮೆಯಿಂದ ಇಡೀ ಕರಾವಳಿಗೆ ದಕ್ಕಿದ ಫಲ ಅದು. ಅವಾಸ್ ತಿಂಗ್ನಿಗೆ 73,394 ಹೆಕ್ಟೇರ್ ಭೂಮಿಯ ಹಕ್ಕುಪತ್ರ ದೊರೆತದ್ದು 2008ರ ಡಿಸೆಂಬರ್ 14ರಂದು. 2009ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಕಡತವನ್ನು ಮುಚ್ಚಿತು.

ಈ ಏಳು ವರ್ಷ ಸುದ್ದಿಯಾಗುವ ಕಾಲವಾಗಿರಲಿಲ್ಲ. ಅನಾಯಾ 1999ರಲ್ಲಿ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ, ಅಲ್ಲಿನ ಕಾನೂನು ಕಾಲೇಜಿನ ಆದಿವಾಸಿ ಜನರ ಕಾನೂನು ಮತ್ತು ನೀತಿ ಕಾರ್ಯಕ್ರಮವು ತೀರ್ಪಿನ ಜಾರಿಯ ಬೆನ್ನು ಹತ್ತಿತು. ಗೆದ್ದ ಮೊಕದ್ದಮೆಯನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸುವುದು ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬರುವ ವಿಶ್ವವಿದ್ಯಾಲಯಕ್ಕೆ ಸಾಧ್ಯ. ಆದರೆ ಪ್ರತಿವರ್ಷ ವಿದ್ಯಾರ್ಥಿಗಳು ಹೊರಟುಹೋಗುವುದೂ ಅದೇ ಕಾರಣಕ್ಕೆ. ದೂರು ಸಲ್ಲಿಸಿದ ದಿನದಿಂದ ಹಕ್ಕುಪತ್ರದವರೆಗೆ ಹದಿಮೂರು ವರ್ಷ. ಒಂದು ಬೇಸಿಗೆಯ ಇಂಟರ್ನ್‌ಶಿಪ್ ಎಂಟೋ ಹತ್ತೋ ವಾರ. ಸಮುದಾಯದ ಕಡೆಯಿಂದ ನೋಡಿದರೆ, ವರ್ಷಕ್ಕೊಮ್ಮೆ ಹೊಸ ಮುಖವೊಂದು ಬಂದು ಅದೇ ಹಿರಿಯರನ್ನು ಅದೇ ಪ್ರಶ್ನೆಗಳಿಂದ ದಣಿಸಿ ಹೋಗುತ್ತದೆ. ಒಂದು ಸಲ ಹೇಳಿದ ದುಃಖದ ಕಥೆಯನ್ನು ಐದು ಸಲ ಹೇಳಿಸುವುದು ಹಿಂಸೆ ಎಂದೇ ನಾನು ಭಾವಿಸುತ್ತೇನೆ.

ಆದ್ದರಿಂದ ಕೊನೆಯ ಎರಡು ವಾರಗಳನ್ನು ಹೊಸ ಸಂಶೋಧನೆಗೆ ಬಳಸದೆ ಹಸ್ತಾಂತರಕ್ಕೇ ಮೀಸಲಿಡುವಂತೆ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಯಾರನ್ನು ಭೇಟಿಯಾದೆ, ಅವರು ಏನು ಹೇಳಿದರು, ಏನನ್ನು ಬರೆಯಬೇಡವೆಂದರು, ಯಾವ ಪತ್ರಕ್ಕೆ ಉತ್ತರ ಬಾಕಿ ಇದೆ, ಯಾವ ಗಡುವು ಯಾವಾಗ, ಯಾವ ಮಾತನ್ನು ನಾನು ಕೊಟ್ಟು ಇನ್ನೂ ನಡೆಸಿಲ್ಲ ಎಂಬುದು ಹಸ್ತಾಂತರ ಪತ್ರದಲ್ಲಿ ಇರಬೇಕು. ಕಡೆಯ ಪ್ರಶ್ನೆಯನ್ನು ಬರೆಯಲು ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಊರಿನವರ ನಡುವೆ ಕೂತಾಗ, ಮನಸ್ಸು ಕರಗಿ, ತನ್ನ ಕೈಲಾಗದ ಮಾತನ್ನು ಕೊಟ್ಟಿರುವುದು ಅಲ್ಲಿ ಹೊರಬೀಳುತ್ತದೆ. 1994ರ ಒಪ್ಪಂದದಲ್ಲಿ ಸಚಿವಾಲಯ ಕೊಟ್ಟು ಮರೆತ ಮಾತಿನಿಂದಲೇ ಈ ಇಡೀ ಪ್ರಕರಣ ಹುಟ್ಟಿತು. ಅಂಥ ಸಮುದಾಯದ ಮುಂದೆ ಇನ್ನೊಂದು ನಡೆಯದ ಮಾತನ್ನು ಇಡುವ ಹಕ್ಕು ನಮಗಿಲ್ಲ. ಆ ಹಸ್ತಾಂತರ ಪತ್ರದ ಒಂದು ಪ್ರತಿ ಸಮುದಾಯದ ಕೈಗೂ, ಅವರು ಓದಬಲ್ಲ ಭಾಷೆಯಲ್ಲಿ, ಹೋಗಬೇಕು.

ಈ ತೀರ್ಪಿನ ದಾರಿಯಲ್ಲಿ ಮುಂದೆ ಬೇರೆ ತೀರ್ಪುಗಳು ನಡೆದವು. 2007ರ ಅಕ್ಟೋಬರ್‌ನಲ್ಲಿ ಬೆಲೀಜ್‌ನ ಸುಪ್ರೀಂ ಕೋರ್ಟ್ ಮಾಯಾ ಸಮುದಾಯಗಳ ರೂಢಿಗತ ಭೂಹಕ್ಕನ್ನು ಮಾನ್ಯ ಮಾಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಂತರ-ಅಮೆರಿಕನ್ ನ್ಯಾಯಾಲಯವು ಸುರಿನಾಮ್‌ನ ಸರಮಾಕಾ ಜನರ ಪ್ರಕರಣದಲ್ಲಿ, ದೊಡ್ಡ ಯೋಜನೆಗಳಿಗೆ ಮುನ್ನ ಸಮುದಾಯದ ಒಪ್ಪಿಗೆ ಬೇಕೆಂಬ ನಿಯಮವನ್ನು ಬಿಗಿಗೊಳಿಸಿತು. ಅವಾಸ್ ತಿಂಗ್ನಿಯ ಸ್ವಂತ ಕಾಡಿನಲ್ಲಿ ಮಾತ್ರ ಕೆಲಸ ಮುಗಿದಿಲ್ಲ. 445ನೇ ಕಾಯಿದೆಯ ಐದು ಹಂತಗಳಲ್ಲಿ ಅರ್ಜಿ, ವಿವಾದ ಇತ್ಯರ್ಥ, ಗಡಿ ಗುರುತು, ಹಕ್ಕುಪತ್ರ ಇವು ನಾಲ್ಕು. ಹಕ್ಕಿಲ್ಲದೆ ಬಂದು ನೆಲೆಸಿದವರನ್ನು ತೆರವುಗೊಳಿಸುವುದು ಐದನೆಯದು. ಹಕ್ಕುಪತ್ರ ಬಂದ ಮೇಲೂ ಹೊರಗಿನಿಂದ ಬಂದವರು ಕಾಡನ್ನು ಸವರಿ ಹುಲ್ಲುಗಾವಲು ಮಾಡಿಕೊಳ್ಳುತ್ತಲೇ ಇದ್ದಾರೆ, ಆ ಐದನೆಯ ಹಂತ ನಡೆಯದೇ ಉಳಿದಿದೆ. ಇಂದು ಆ ಕಡತವನ್ನು ತೆರೆಯುವ ಇಂಟರ್ನ್‌ಗೆ ಸಿಗುವುದು ಕಂಪನಿಯ ಗುತ್ತಿಗೆ ಪತ್ರಗಳಲ್ಲ. ಎಲ್ಲಿ ಎಷ್ಟು ಕಾಡು ಯಾವಾಗ ಸುಟ್ಟಿತು, ಯಾವ ಠಾಣೆಗೆ ದೂರು ಹೋಯಿತು, ಅದರ ಸ್ವೀಕೃತಿ ಎಲ್ಲಿದೆ ಎಂಬ ಚಿಕ್ಕ ಚಿಕ್ಕ ಟಿಪ್ಪಣಿಗಳು. ಅವನ್ನು ತಾರೀಖಿನ ಕ್ರಮದಲ್ಲಿ ಜೋಡಿಸುವುದರಿಂದ ಆತನ ಮೊದಲ ದಿನ ಆರಂಭವಾಗುತ್ತದೆ.